ಆಫ್ರಿಕಾದ ಜನರಲ್ಲೇ ಜೀನ್ ವೈವಿಧ್ಯ ಜಾಸ್ತಿ ಯಾಕೆ?

ಮನುಷ್ಯರು ಅತಿ ಹೆಚ್ಚು ಕಾಲ ಬಾಳಿದ್ದು ಅಲ್ಲೇ, ಹೊರಗೆ ಹೋದವರು ಕೆಲವರು ಮಾತ್ರ. ನಮ್ಮಂಥ ಮನುಷ್ಯರು ಆಫ್ರಿಕಾದಲ್ಲಿ ಸುಮಾರು 3 ಲಕ್ಷ ವರ್ಷಗಳಿಂದ ಇದ್ದಾರೆ. ಬೇರೆ ಖಂಡಗಳನ್ನು ತುಂಬಿದ ದೊಡ್ಡ ವಲಸೆ ನಡೆದದ್ದು ಸುಮಾರು 50–70 ಸಾವಿರ ವರ್ಷಗಳ ಹಿಂದೆ. ಚಿಕ್ಕ ಗುಂಪು ಹೊರಟರೆ, ಊರಲ್ಲಿರುವ ಜೀನ್‌ಗಳ ಎಲ್ಲ ರೂಪಗಳೂ ಅದರ ಜೊತೆ ಹೋಗುವುದಿಲ್ಲ, ಅಲ್ವಾ? ಆ ಗುಂಪಿನಿಂದ ಮತ್ತೊಂದು ಗುಂಪು ಮುಂದಕ್ಕೆ ಹೋದಾಗ ಇನ್ನಷ್ಟು ಕಳೆದುಹೋಗುತ್ತವೆ. ಹಾಗಾಗಿ ದೂರ ಹೋದಷ್ಟೂ ವೈವಿಧ್ಯ ಕಡಿಮೆ. ದಕ್ಷಿಣ ಅಮೆರಿಕದ ಮೂಲನಿವಾಸಿಗಳಲ್ಲಂತೂ ತೀರಾ ಕಡಿಮೆ.

ದಾರಿ ತೆರೆದದ್ದು, ಮುಚ್ಚಿದ್ದು ಹವಾಮಾನ. ಮಳೆ ಹೆಚ್ಚಿದ ಕಾಲದಲ್ಲಿ ಸಹಾರಾ ಹಸಿರಾಗುತ್ತಿತ್ತು. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದು, ಸೈಬೀರಿಯಾ ಮತ್ತು ಅಲಾಸ್ಕಾ ನಡುವೆ ನೆಲ ಎದ್ದಿತ್ತು. ಬಿಸಿಲಿಗೆ ತಕ್ಕಂತೆ ಚರ್ಮದ ಬಣ್ಣ ಬದಲಾಗಿದ್ದೂ ನಿಜ. ಆದರೆ ಕಣ್ಣಿಗೆ ಕಾಣುವ ಆ ವ್ಯತ್ಯಾಸ ಒಟ್ಟು ಜೀನ್‌ಗಳಲ್ಲಿ ಸಣ್ಣ ಪಾಲು ಅಷ್ಟೇ.