ಸಿಗರೇಟ್ ಬ್ರೇಕ್‌ನಿಂದ ಕಂಪನಿಗೆ ಆಗುವ ನಷ್ಟವನ್ನು ಲೆಕ್ಕ ಹಾಕುವುದು ಹೇಗೆ?

ಕೆಲಸಗಾರರು ದಿನಕ್ಕೆ ನಾಲ್ಕು ಸಲ ಸಿಗರೇಟ್ ಸೇದಲು ಎದ್ದು ಹೋದರೆ ಮಾಲೀಕರಿಗೆ ಎಷ್ಟು ನಷ್ಟ, ಅದನ್ನು ಸಂಬಳದಲ್ಲಿ ಹಿಡಿದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಗುಣಾಕಾರ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಕಳೆಯಬೇಕಾದದ್ದನ್ನು ಕಳೆಯುವುದಿಲ್ಲ, ಎಡವಟ್ಟಾಗುವುದು ಅಲ್ಲೇ.

ಮೊದಲು ಅಳತೆ. ಒಂದು ಸಿಗರೇಟ್ ಮುಗಿಯಲು ಐದಾರು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೋಗುವುದು ಲಿಫ್ಟಿಗೆ ಕಾಯುವುದರಲ್ಲಿ, ಗೇಟಿನ ತನಕ ನಡೆಯುವುದರಲ್ಲಿ, ವಾಪಸ್ ಬಂದು ಬಿಟ್ಟ ಕೆಲಸ ಎಲ್ಲಿಗೆ ನಿಂತಿತ್ತು ಎಂದು ಹುಡುಕುವುದರಲ್ಲಿ. ಹಾಗಾಗಿ ಕುರ್ಚಿ ಬಿಟ್ಟ ಗಳಿಗೆಯಿಂದ ಮತ್ತೆ ಕೆಲಸಕ್ಕೆ ಕೈ ಹಚ್ಚುವ ತನಕದ ಸಮಯ ಹಿಡಿಯಿರಿ. ಎರಡು ವಾರದ ಸರಾಸರಿ ಸಾಕು.

ಒಂದು ಸಲಕ್ಕೆ 12 ನಿಮಿಷ ಎಂದಿಟ್ಟುಕೊಳ್ಳಿ. ನಾಲ್ಕು ಸಲಕ್ಕೆ 48 ನಿಮಿಷ. ವರ್ಷಕ್ಕೆ 230 ಕೆಲಸದ ದಿನವಾದರೆ 184 ಗಂಟೆ, ಅಂದರೆ ಎಂಟು ಗಂಟೆಯ 23 ದಿನ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಎಲ್ಲರಿಗೂ 15 ನಿಮಿಷದ ಎರಡು ವಿರಾಮ ನೀವೇ ಕೊಟ್ಟಿದ್ದು, ಇವರು ಸೇದುವುದಕ್ಕೆ ಅದನ್ನೇ ಬಳಸುತ್ತಿದ್ದರೆ, 30 ನಿಮಿಷ ಕಳೆಯಲೇಬೇಕು. ಉಳಿದದ್ದು 18 ನಿಮಿಷ. ವರ್ಷಕ್ಕೆ 69 ಗಂಟೆ, ಒಂಬತ್ತು ದಿನಕ್ಕೂ ಕಡಿಮೆ. ಸೇದದವರೂ ಚಹಾ, ಮೊಬೈಲ್, ಹರಟೆ ಎಂದು ನಿಗದಿಗಿಂತ ಎಂಟು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತಿದ್ದರೆ ಅದೂ ಹೋಗಬೇಕು. ಆಗ ಸಿಗರೇಟಿನ ಲೆಕ್ಕಕ್ಕೆ ಬರುವುದು ದಿನಕ್ಕೆ 10 ನಿಮಿಷ, 480 ನಿಮಿಷದಲ್ಲಿ ಶೇ. 2.1. ಈ ಶೇಕಡಾವನ್ನು ಬರೀ ಸಂಬಳಕ್ಕಲ್ಲ, ಬೋನಸ್, ವಿಮೆ ಎಲ್ಲ ಸೇರಿದ ಒಟ್ಟು ವೆಚ್ಚಕ್ಕೆ ಹಾಕಿ.

ಆ ಮೊತ್ತ ನಿಜಕ್ಕೂ ಕೈಬಿಟ್ಟು ಹೋಯಿತೇ ಎಂಬುದು ಕೆಲಸದ ಮೇಲೆ ನಿಂತಿದೆ. ವಾರದ ಗುರಿ ಮುಗಿಸಿಕೊಡುವ ಅಕೌಂಟೆಂಟ್ ಸಂಜೆ ಹತ್ತು ನಿಮಿಷ ಹೆಚ್ಚು ಕೂತರೆ ನಷ್ಟವೇ ಇಲ್ಲ. ಜೋಡಣೆ ಲೈನ್, ಕಾಲ್ ಸೆಂಟರ್, ಆಸ್ಪತ್ರೆ ವಾರ್ಡ್‌ಗಳಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ನಿಲ್ಲಬೇಕು, ಇಲ್ಲವೇ ಸಾಲು ಬೆಳೆಯುತ್ತದೆ. ಅಲ್ಲಿ ಬದಲಿ ಆಳಿನ ಖರ್ಚನ್ನೂ ಸೇರಿಸಿ.

ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2013ರಲ್ಲಿ ಮಾಡಿದ ಅಂದಾಜಿನಲ್ಲಿ, ಸೇದುವ ಒಬ್ಬ ನೌಕರನಿಂದ ಖಾಸಗಿ ಕಂಪನಿಗೆ ವರ್ಷಕ್ಕೆ ಬೀಳುವ ಹೆಚ್ಚುವರಿ ವೆಚ್ಚ 5,816 ಡಾಲರ್. ಅದರಲ್ಲಿ ಬ್ರೇಕ್‌ಗಳ ಪಾಲೇ 3,077, ಚಿಕಿತ್ಸೆಯದು 2,056. ಇದು ಅಲ್ಲಿನ ಸಂಬಳ, ಅಲ್ಲಿನ ಆರೋಗ್ಯ ವಿಮೆಯ ಲೆಕ್ಕ. ಹಾಗೇ ಎತ್ತಿ ನಿಮ್ಮ ಪುಸ್ತಕಕ್ಕೆ ಬರೆದುಕೊಳ್ಳಬೇಡಿ.

ಸಂಬಳ ಕಡಿತದ ವಿಷಯದಲ್ಲಿ ನನ್ನ ಸಲಹೆ: ಬೇಡ. ಕಾನೂನೂ ಅಡ್ಡ ಬರಬಹುದು. ಅಮೆರಿಕದ ಫೆಡರಲ್ ನಿಯಮದಂತೆ, ಕಂಪನಿ ಕೊಡುವ 5ರಿಂದ 20 ನಿಮಿಷದ ಚಿಕ್ಕ ವಿರಾಮಕ್ಕೆ ಸಂಬಳ ಕೊಡಲೇಬೇಕು. ಸೇದುವ ಜಾಗವನ್ನು ದೂರಕ್ಕೆ ತಳ್ಳಿದರೆ ಓಡಾಟ ಬೆಳೆದು ನೀವು ಉಳಿಸಲು ಹೊರಟ ನಿಮಿಷಗಳೇ ಹೆಚ್ಚು ಹೋಗುತ್ತವೆ. ಪೂರ್ತಿ ನಿಷೇಧಿಸಿ ಸುಮ್ಮನಾದರೆ ಶೌಚಾಲಯ, ಮೆಟ್ಟಿಲ ಮೂಲೆಗಳಲ್ಲಿ ಸೇದುತ್ತಾರೆ. ಬೆಂಕಿಯ ಭಯ ಬೇರೆ. ನಿಕೋಟಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕು, ಆಮೇಲೆ ಚಡಪಡಿಕೆ. ಹೊರಗೆ ಬಿಡದಿದ್ದರೂ ಆ ಹೊತ್ತಿನಲ್ಲಿ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ.

ಸೇದುವವರು, ಸೇದದವರು ಇಬ್ಬರಿಗೂ ಒಂದೇ ಸಂಖ್ಯೆಯ ವಿರಾಮ ಕೊಡಿ, ಹೇಗೆ ಬಳಸುತ್ತಾರೆಂದು ಕೇಳಬೇಡಿ. ಸೇದದವರ ಅಸಮಾಧಾನವೂ ನಿಜವಾದದ್ದೇ. ಟೋಕಿಯೋದ ಪಿಯಾಲಾ ಕಂಪನಿ 2017ರಲ್ಲಿ ಅವರಿಗೆ ವರ್ಷಕ್ಕೆ ಆರು ದಿನ ಹೆಚ್ಚುವರಿ ರಜೆ ಕೊಟ್ಟಿತು.

ಹಣ ಹಾಕುವುದಾದರೆ ಬಿಡಿಸುವುದಕ್ಕೆ ಹಾಕಿ. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನವಿಡೀ ನಿಕೋಟಿನ್ ಅನ್ನು ಸಮನಾಗಿ ಬಿಡುತ್ತದೆ, ನಿಕೋಟಿನ್ ಚ್ಯೂಯಿಂಗ್ ಗಮ್ ತಟ್ಟನೆ ಹುಟ್ಟುವ ಚಪಲಕ್ಕೆ. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದರೆ ಫಲ ಹೆಚ್ಚು. ಜೊತೆಗೆ ಬಹುಮಾನ. ಜನರಲ್ ಎಲೆಕ್ಟ್ರಿಕ್‌ನ 878 ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಹಿತಿ ಮಾತ್ರ ಪಡೆದವರಲ್ಲಿ ಸುಮಾರು ವರ್ಷದ ನಂತರ ಬಿಟ್ಟಿದ್ದವರು ಶೇ. 5, ಒಟ್ಟು 750 ಡಾಲರ್‌ವರೆಗೆ ಬಹುಮಾನ ಯಾರಿಗೆ ಇಟ್ಟಿದ್ದರೋ ಅವರಲ್ಲಿ ಶೇ. 14.7. ಆ ಹಣವನ್ನು ಒಂದೇ ಗಂಟಾಗಿ ಕೊಟ್ಟಿರಲಿಲ್ಲ: ಸಿಗರೇಟ್ ಬಿಡಿಸುವ ತರಬೇತಿ ಮುಗಿಸಿದ್ದಕ್ಕೆ 100, ಆರು ತಿಂಗಳೊಳಗೆ ಬಿಟ್ಟರೆ 250, ಮುಂದಿನ ಆರು ತಿಂಗಳೂ ಮುಟ್ಟದಿದ್ದರೆ 400. ಬಿಟ್ಟದ್ದನ್ನು ಬಾಯಿಮಾತಿನಲ್ಲಿ ಒಪ್ಪಲಿಲ್ಲ, ದೇಹದ ಮಾದರಿ ಪರೀಕ್ಷಿಸಿಯೇ ಕೊಟ್ಟರು. ನೀವು ಮಾಡುವುದಾದರೂ ದೊಡ್ಡ ಕಂತನ್ನು ಕೊನೆಗೇ ಇಡಿ.