ಹೊಸ ಬಲ್ಬ್ ಹಾಕಿದ್ರೂ ಹೆಡ್‌ಲೈಟ್ ಮಂಕು, ಯಾಕೆ?

ಪ್ರಶ್ನೆ: ಸಾರ್, ನಮ್ದು ಶ್ರೀನಿವಾಸಪುರದ ಹತ್ರ ಹಳ್ಳಿ. ಹಳೇ ಪೆಟ್ರೋಲ್ ಕಾರಿದೆ, ಟೊಮ್ಯಾಟೊ ಸೀಸನ್ನಲ್ಲಿ ನಸುಕಿಗೇ ಎದ್ದು ಕೋಲಾರದ ಮಂಡಿಗೆ ಹೋಗ್ಬೇಕು, ಆದ್ರೆ ಹೆಡ್‌ಲೈಟು ಸೀಮೆಎಣ್ಣೆ ಬುಡ್ಡಿ ಥರ ಉರೀತದೆ. ಎರಡೂ ಬಲ್ಬ್ ಹೊಸದು ಹಾಕ್ಸಿದೆ, ಏನೂ ವ್ಯತ್ಯಾಸ ಇಲ್ಲ. ಅಂಗಡಿಯವ್ರು 60/55 ತೆಗ್ದು 100/90 ವ್ಯಾಟ್ ಹಾಕ್ಕೊಳ್ಳಿ ಅಂತಾರೆ, ಹಾಕ್ಬೋದಾ?
– ಓದುಗರು, ಶ್ರೀನಿವಾಸಪುರ

ಉತ್ತರ: ದಯವಿಟ್ಟು ಹಾಕ್ಬೇಡಿ. ಹೊಸ ಬಲ್ಬೂ ಹಳೇದ್ರಷ್ಟೇ ಮಂಕಾಗಿ ಉರೀತಿದೆ ಅಂದ್ರೆ, ಬಹುಮಟ್ಟಿಗೆ ಬಲ್ಬಿನ ತನಕ ಪೂರ್ತಿ ವೋಲ್ಟೇಜ್ ಬರ್ತಿಲ್ಲ ಅಂತ್ಲೇ. 60/55 ಅಂದ್ರೆ ಹೈ ಬೀಮಿಗೆ 60, ಲೋ ಬೀಮಿಗೆ 55 ವ್ಯಾಟ್. 55 ವ್ಯಾಟಿನ ಒಂದೊಂದು ಬಲ್ಬೂ ನಾಲ್ಕೂವರೆ ಆಂಪಿಯರ್ ಎಳೆಯುತ್ತೆ, ಹಳೇ ಗಾಡಿಗಳಲ್ಲಿ ಎಷ್ಟಕ್ಕೋ ಹೆಡ್‌ಲೈಟ್ ರಿಲೇನೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್) ಇರಲ್ಲ, ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ ಒಳಗೆ ಹಾದು ಸಣ್ಣ ವೈರಲ್ಲೇ ಮುಂದಕ್ಕೆ ಬರ್ಬೇಕು, ವರ್ಷ ಕಳೀತಾ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು, ಬಲ್ಬಿಗೆ ಸಿಕ್ಕಿಸೋ ಕಪ್ಲರ್ ಪಿನ್ನಿಗೆ ಹಸಿರು ಹಿಡಿದು, ವೈರನ್ನ ಗಾಡಿ ಬಾಡಿಗೆ ಜೋಡಿಸೋ ಅರ್ತ್ ಬೋಲ್ಟಿಗೆ ತುಕ್ಕು ಬಂದು ದಾರೀಲೇ ಒಂದೂವರೆ ಎರಡು ವೋಲ್ಟ್ ಹೋಗ್ಬಿಡುತ್ತೆ. ಎರಡು ವೋಲ್ಟ್ ತಾನೇ ಅನ್ಕೋಬೇಡಿ, ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿಯಾದ್ರೆ ಬೆಳಕು ಹೆಚ್ಚುಕಮ್ಮಿ ಮೂವತ್ತು ಪರ್ಸೆಂಟ್ ಬಿದ್ದೋಗುತ್ತೆ. ಇಂಥ ವೈರಿಂಗಿಗೆ 100 ವ್ಯಾಟ್ ಸಿಕ್ಕಿಸಿದ್ರೆ ಹೋಲ್ಡರ್ ಕರಗುತ್ತೆ, ರಿಫ್ಲೆಕ್ಟರ್ ಸುಡುತ್ತೆ, ಬೆಂಕಿನೂ ಹತ್ಕೋಬೋದು.

ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಇಂಜಿನ್ ಓಡ್ತಾ ಲೈಟ್ ಹಾಕಿ ಬ್ಯಾಟರಿ ಟರ್ಮಿನಲ್ಲಲ್ಲಿ ನೋಡಿ, 13.5ರಿಂದ 14.5 ವೋಲ್ಟ್ ಒಳಗೆ ಇರ್ಬೇಕು. ಅಲ್ಲೇ 12ರ ಆಸುಪಾಸಿದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ರು, ಅದರ ಬೆಲ್ಟು ನೋಡ್ಸಿ. ಅಲ್ಲಿ ಸರಿಯಿದ್ರೆ ಬಲ್ಬಿನ ಹಿಂದೆ ಕಪ್ಲರಲ್ಲಿ ಅಳೀರಿ, ಆದ್ರೆ ಬಲ್ಬ್ ಸಿಕ್ಕಿಸಿದ್ದಂಗೇ, ಉರೀತಿರುವಾಗಲೇ. ಬಹಳ ಜನ ಮೆಕ್ಯಾನಿಕ್ಕುಗಳು ಎಡವೋದು ಇಲ್ಲೇ, ಬಲ್ಬ್ ಕಿತ್ತು ಬರೀ ಕಪ್ಲರ್ ಚೆಕ್ ಮಾಡಿ ‘12 ಬರ್ತಿದೆಯಲ್ಲ’ ಅಂತಾರೆ, ಲೋಡ್ ಇಲ್ದಿದ್ರೆ, ಅಂದ್ರೆ ಕರೆಂಟು ಹರೀದಿದ್ರೆ, ತುಕ್ಕು ಹಿಡಿದ ವೈರಲ್ಲೂ ಪೂರ್ತಿ ವೋಲ್ಟೇಜೇ ತೋರ್ಸುತ್ತೆ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟ್ ವ್ಯತ್ಯಾಸ ಇದ್ರೆ ಪರವಾಗಿಲ್ಲ, ಒಂದು ದಾಟಿದ್ರೆ ಕಳ್ಳ ಅಲ್ಲೇ ಇದ್ದಾನೆ.

ಆಮೇಲೆ ಮೀಟರಿನ ಒಂದು ಕಡ್ಡಿ ಕಪ್ಲರಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ ಇಡಿ. ಸೊನ್ನೆ ಹತ್ರ ಬಂದ್ರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ತೋರ್ಸಿದ್ರೆ ಅರ್ತ್ ಬೋಲ್ಟ್ ಬಿಚ್ಚಿ ಉಪ್ಪು ಕಾಗದದಲ್ಲಿ ತಗಡು ಹೊಳೆಯೋ ತನಕ ಉಜ್ಜಿ ಬಿಗಿ ಮಾಡಿ, ಎಷ್ಟೋ ಗಾಡಿ ಇಷ್ಟಕ್ಕೇ ಸರಿಹೋಗುತ್ತೆ, ಖರ್ಚೂ ಇಲ್ಲ. ಅರ್ತ್ ಸರಿಯಿದ್ದು ಪ್ಲಸ್ ಕಡೆ ಕಮ್ಮಿ ಬರ್ತಿದ್ರೆ ಕೋಲಾರದಲ್ಲೋ ಚಿಂತಾಮಣಿಯಲ್ಲೋ ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಹತ್ರ ರಿಲೇ ವೈರಿಂಗ್ ಹಾಕ್ಸಿ, ಬ್ಯಾಟರಿಯಿಂದ ದಪ್ಪ ವೈರ್ ನೇರ ಬರ್ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರ್ಲೇಬೇಕು. ಆಗ ಅದೇ 60/55 ಬಲ್ಬಲ್ಲೇ ರೋಡು ಚೆನ್ನಾಗಿ ಕಾಣುತ್ತೆ.

ಬಲ್ಬಿನ ಮೂರು ಕಿವಿ ಹೆಡ್‌ಲೈಟಿನ ಕಚ್ಚುಗಳಲ್ಲಿ ಸರಿಯಾಗಿ ಕೂತಿದೆಯಾ ಅಂತಾನೂ ನೋಡಿ, ಓರೆಯಾಗಿ ಕೂತ್ರೆ ಬೆಳಕು ರೋಡಿಗೆ ಬೀಳದೆ ಮರದ ಮೇಲೆ ಹೋಗುತ್ತೆ. ನೀಲಿ ಬಣ್ಣದ ಗ್ಲಾಸಿನ ಬಲ್ಬ್ ಹಾಕ್ಸಿದ್ರೆ ತೆಗ್ಸಿ, ನೋಡೋಕೆ ಬೆಳ್ಳಗಿದ್ರೂ ಆ ಬಣ್ಣ ಒಂದಷ್ಟು ಬೆಳಕನ್ನ ತಡೀತದೆ.

ಪ್ರಶ್ನೆ: ಹೆಡ್‌ಲೈಟ್ ಗ್ಲಾಸ್ ಹಳದಿಯಾಗಿದೆ, ಟೂತ್‌ಪೇಸ್ಟಲ್ಲಿ ಉಜ್ಜಿದ್ರೆ ಹೋಗುತ್ತಾ?
– ಓದುಗರು, ಶಿರಾ

ಉತ್ತರ: ಸ್ವಲ್ಪ ದಿನ ಹೊಳೆಯುತ್ತೆ, ಮತ್ತೆ ಹಳದಿ. ಅದು ಗ್ಲಾಸಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್, ಬಿಸಿಲಿಗೆ ಮೇಲಿನ ಕೋಟಿಂಗ್ ಹೋಗಿರುತ್ತೆ. ನೀರು ಹಾಕ್ಕೊಂಡು 1000, ಆಮೇಲೆ 2000 ನಂಬರ್ ಉಪ್ಪು ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡ್ಸಿ, ಮೇಲೆ ಬಿಸಿಲಿನ ಯುವಿ ಕಿರಣ ತಡೆಯೋ ಕ್ಲಿಯರ್ ಕೋಟ್ ಹೊಡ್ಸಿ. ಮಂಕು ಒಳಗಡೆ ರಿಫ್ಲೆಕ್ಟರಲ್ಲಿದ್ರೆ ಹೊರಗೆ ಎಷ್ಟು ಉಜ್ಜಿದ್ರೂ ಉಪಯೋಗ ಇಲ್ಲ, ಹೆಡ್‌ಲೈಟ್ ಸೆಟ್ಟೇ ಬದಲಾಯಿಸ್ಬೇಕು.