ನಲ್ಲಿ ಕೆಳಗೆ, ಮಳೆ ಮೇಲೆ: ಕುಡಿಯುವ ನೀರಿನ ಜಲಾನಯನ ಕಾಯುವ ಬಗ್ಗೆ ಮೂರು ಪ್ರಶ್ನೆಗಳು

ಪ್ರಶ್ನೆ: ನಮ್ಮ ಪಟ್ಟಣಕ್ಕೆ ನೀರು ಬರುವುದು ಒಂದು ಸಣ್ಣ ಜಲಾಶಯದಿಂದ. ಅದರ ಮೇಲ್ಭಾಗದಲ್ಲಿ ಹೊಲಗಳಿವೆ, ಈಗ ಹೊಸ ಮನೆಗಳೂ ಏಳುತ್ತಿವೆ. ಜಲಾನಯನ ಪ್ರದೇಶವನ್ನು, ಅಂದರೆ ಮಳೆ ನೀರು ಹರಿದು ಜಲಾಶಯಕ್ಕೆ ಸೇರುವ ನೆಲವನ್ನು, ಕಾಪಾಡಬೇಕೆಂದು ಕೆಲವರು ಸೇರಿ ಸಮಿತಿ ಮಾಡಿಕೊಂಡಿದ್ದೇವೆ. ಮೊದಲ ಸಭೆಯಲ್ಲೇ ಒಬ್ಬರು, 'ನೀರು ಶುದ್ಧೀಕರಣ ಘಟಕ ಇದೆಯಲ್ಲ, ಇಷ್ಟೆಲ್ಲ ಯಾಕೆ?' ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಅವರಿಗೆ ಏನು ಹೇಳಬೇಕು? ಕೆಲಸ ಎಲ್ಲಿಂದ ಶುರುಮಾಡಬೇಕು?

ಉತ್ತರ: ಆ ಪ್ರಶ್ನೆ ಮೊದಲ ಸಭೆಯಲ್ಲೇ ಎದ್ದದ್ದು ಒಳ್ಳೆಯದಾಯಿತು. ಅದಕ್ಕೆ ಉತ್ತರ ಕೊಡಲಾಗದ ಯೋಜನೆಗೆ ಹಣವೂ ಹುಟ್ಟುವುದಿಲ್ಲ, ಜನವೂ ಸೇರುವುದಿಲ್ಲ.

ಸಾಮಾನ್ಯ ಘಟಕ ಮಾಡುವ ಕೆಲಸ ಇಷ್ಟು: ಕೆಸರನ್ನು ತಳಕ್ಕಿಳಿಸುತ್ತದೆ, ಉಳಿದದ್ದನ್ನು ಮರಳಿನಲ್ಲಿ ಸೋಸುತ್ತದೆ, ಕೊನೆಗೆ ಕ್ಲೋರಿನ್ ಹಾಕಿ ರೋಗಾಣುಗಳನ್ನು ಕೊಲ್ಲುತ್ತದೆ. ಗೊಬ್ಬರದಿಂದ ಬಂದು ನೀರಿನಲ್ಲಿ ಕರಗಿದ ನೈಟ್ರೇಟ್ ಈ ಯಾವ ಹಂತಕ್ಕೂ ಸಿಕ್ಕುವುದಿಲ್ಲ. ಮನೆಯಲ್ಲಿ ಕುದಿಸಿದರೆ ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ ಕ್ಲೋರಿನ್ ನಾಟುವುದೇ ಇಲ್ಲ, ಸೋಸುವ ಹಂತದಲ್ಲೇ ಅದನ್ನು ಹಿಡಿಯಬೇಕು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಆ ಹಂತ ಕೈಕೊಟ್ಟಿತು. ಸುಮಾರು 4 ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು. 2014ರ ಆಗಸ್ಟ್‌ನಲ್ಲಿ ಅದೇ ದೇಶದ ಟೊಲೀಡೊ ನಗರದ ಸರದಿ. ಹೊಲಗಳಿಂದ ಹರಿದುಬಂದ ರಂಜಕವನ್ನು (ಫಾಸ್ಫರಸ್) ಉಂಡು, ಆ ನಗರಕ್ಕೆ ನೀರು ಕೊಡುವ ಈರಿ ಸರೋವರದಲ್ಲಿ ನೀಲಿ-ಹಸಿರು ಪಾಚಿ ಹಬ್ಬಿತು, ಅದರ ವಿಷ ನಲ್ಲಿ ನೀರಿನವರೆಗೂ ಬಂತು. ಘಟಕವೇನೂ ನಿಂತಿರಲಿಲ್ಲ. ಆದರೂ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಹೇಳಬೇಕಾಯಿತು. ಕುದಿಸಿದರೆ ಆ ವಿಷ ಹೋಗುವುದಿಲ್ಲ.

ಇನ್ನೊಂದು ವಿಷಯವನ್ನೂ ನಿಮ್ಮ ಸಭೆಗೆ ತಿಳಿಸಿ. ನೀರಿನಲ್ಲಿ ಕೊಳೆತ ಎಲೆ, ಮಣ್ಣಿನ ಸಾವಯವ ಅಂಶ ಹೆಚ್ಚಿದ್ದಷ್ಟೂ ಕ್ಲೋರಿನ್ ಹೆಚ್ಚು ಬೇಕು. ಆ ಸಾವಯವ ಅಂಶವೂ ಕ್ಲೋರಿನ್ನೂ ಸೇರಿ ಟ್ರೈಹ್ಯಾಲೊಮೀಥೇನ್ ಎಂಬ ರಾಸಾಯನಿಕಗಳಾಗುತ್ತವೆ, ಅವನ್ನು ದೀರ್ಘಕಾಲ ಕುಡಿಯುವುದು ಒಳ್ಳೆಯದಲ್ಲ. ಅಂದರೆ ಕೊಳೆ ನೀರನ್ನು ಶುದ್ಧ ಮಾಡಲು ಹೊರಟಾಗ ಆ ಶುದ್ಧಿಯ ಕೆಲಸವೇ ಹೊಸ ತೊಂದರೆ ತರಬಹುದು. ಘಟಕ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ತಲುಪುವ ನೀರು ಮೊದಲೇ ಚೆನ್ನಾಗಿರಬೇಕು, ಆಗ ಘಟಕ ನೆಚ್ಚಿಕೊಳ್ಳುವಂತೆ ಕೆಲಸ ಮಾಡುತ್ತದೆ.

ಇನ್ನು ಶುರುಮಾಡುವ ಮಾತು. ನಿರ್ಣಯ, ಫಲಕ, ಜಾಥಾ ಯಾವುದೂ ಈಗ ಬೇಡ. ಮೊದಲು ನಕ್ಷೆ ಮಾಡಿ. ಎಲ್ಲಿ ಬಿದ್ದ ಮಳೆ ನಿಮ್ಮ ಜಲಾಶಯಕ್ಕೆ ಇಳಿಯುತ್ತದೆ, ಯಾವ ದಿಬ್ಬದ ನೆತ್ತಿ ದಾಟಿದರೆ ಬೇರೆ ಕಡೆಗೆ ಹರಿಯುತ್ತದೆ ಎಂದು ಗೆರೆ ಎಳೆಯಿರಿ. ಆ ಗೆರೆ ಪಂಚಾಯಿತಿಯ ಗಡಿಯನ್ನಾಗಲೀ ಪಟ್ಟಣದ ಗಡಿಯನ್ನಾಗಲೀ ಕೇಳಿಕೊಂಡು ಹೋಗುವುದಿಲ್ಲ. ಮುಂದಿನ ಕಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ. ಆಮೇಲೆ ಜೋರು ಮಳೆ ಬೀಳುತ್ತಿರುವಾಗಲೇ ಆ ನಕ್ಷೆ ಹಿಡಿದು ನಡೆಯಿರಿ. ಬೇಸಿಗೆಯಲ್ಲಿ ಎಲ್ಲ ಹಳ್ಳವೂ ಶುಭ್ರವಾಗಿಯೇ ಕಾಣುತ್ತದೆ. ಮಳೆಯಲ್ಲಿ ನಡೆದರೆ ಯಾವ ತಿಪ್ಪೆಯ ನೀರು ಎಲ್ಲಿಗೆ ಇಳಿಯುತ್ತದೆ, ಯಾವ ಮಣ್ಣಿನ ರಸ್ತೆ ಕೆಂಪು ಹೊಳೆಯಾಗುತ್ತದೆ, ಯಾವ ಶೌಚ ಗುಂಡಿ ತುಂಬಿ ಉಕ್ಕುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಅಂಥ ಒಂದು ದಿನದ ನಡಿಗೆ ಹತ್ತು ಸಭೆಗಳಿಗಿಂತ ಹೆಚ್ಚು ಕಲಿಸುತ್ತದೆಂದು ನಾನು ಬಲವಾಗಿ ನಂಬಿದ್ದೇನೆ.

ನಿಮ್ಮ ನೀರಿನಲ್ಲಿ ಸ್ವಲ್ಪ ಭಾಗ ಕೊಳವೆಬಾವಿಯಿಂದ ಬರುತ್ತಿದ್ದರೆ ಲೆಕ್ಕ ಬೇರೆ. ನೆಲದೊಳಗಿನ ನೀರಿನ ಗಡಿ ಮೇಲಿನ ದಿಬ್ಬಕ್ಕೆ ಹೊಂದಿಕೊಂಡೇ ಇರಬೇಕೆಂದಿಲ್ಲ. ಜರ್ಮನಿಯಲ್ಲಿ ಬಾವಿಯ ಸುತ್ತ ವಲಯಗಳನ್ನು ಗುರುತಿಸುತ್ತಾರೆ. ನೆಲದೊಳಗೆ ನೀರು ಬಾವಿ ತಲುಪಲು 50 ದಿನ ಹಿಡಿಯುವಷ್ಟು ದೂರದವರೆಗೆ ಒಂದು ವಲಯ. ಆ ಅವಧಿಯಲ್ಲಿ ರೋಗಾಣುಗಳಲ್ಲಿ ಹೆಚ್ಚಿನವು ಸಾಯುತ್ತವೆಂಬುದು ಅದರ ಹಿಂದಿನ ತರ್ಕ. ಇದಕ್ಕೆ ಭೂಜಲ ತಜ್ಞರ ನೆರವು ಬೇಕೇ ಬೇಕು.

ನಕ್ಷೆಯ ಮೇಲೆ ಅಪಾಯಗಳನ್ನು ಗುರುತಿಸಿದ ಮೇಲೆ ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ: ಇದು ನೀರಿಗೆ ಸೇರಿದರೆ ಎಷ್ಟು ಹಾನಿ? ಸೇರುವ ದಾರಿ ಎಷ್ಟು ಸುಲಭ? ದೂರದ ದೊಡ್ಡ ತ್ಯಾಜ್ಯ ರಾಶಿಗಿಂತ ಜಲಾಶಯದ ದಡದಲ್ಲೇ ಇರುವ ಚಿಕ್ಕ ಡೀಸೆಲ್ ಟ್ಯಾಂಕ್ ದೊಡ್ಡ ಅಪಾಯವಾಗಿರಬಹುದು. ಮೊದಲ ವರ್ಷಕ್ಕೆ ನಾಲ್ಕೈದು ಕೆಲಸ ಸಾಕು. ಅದರ ಜೊತೆಗೆ ಇವತ್ತಿನ ನೀರನ್ನು ಪರೀಕ್ಷೆ ಮಾಡಿಸಿ ದಾಖಲೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಐದು ವರ್ಷದ ನಂತರ ನೀರು ಸುಧಾರಿಸಿತೇ ಎಂದು ಯಾರಾದರೂ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಪ್ರಶ್ನೆ: ಜಲಾಶಯದ ಸುತ್ತ ಗಿಡ ನೆಡುವ ಕಾರ್ಯಕ್ರಮ ಹಾಕಿಕೊಂಡಿದ್ದೇವೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಯಾವ ಗಿಡ ಎಂಬುದನ್ನೂ ನೋಡಬೇಕು. ಬೇಗ ಬೆಳೆಯುವ ನೀಲಗಿರಿಯಂಥ ಮರಗಳ ತೋಪು ಹಳ್ಳದ ಹರಿವನ್ನೇ ಕಡಿಮೆ ಮಾಡಬಲ್ಲದು. ದಕ್ಷಿಣ ಆಫ್ರಿಕಾ 1995ರಿಂದ ತನ್ನ ಜಲಾನಯನಗಳಲ್ಲಿ ಹಬ್ಬಿದ ಹೊರಗಿನ ಮರಗಳನ್ನು ಕಡಿಸುವ ಕೆಲಸವನ್ನು ಸರ್ಕಾರದ ಖರ್ಚಿನಲ್ಲೇ ನಡೆಸಿತು. ನೀರು ಉಳಿಸಿಕೊಳ್ಳುವುದು ಅದರ ಒಂದು ಮುಖ್ಯ ಉದ್ದೇಶ. ಈಗಾಗಲೇ ಇರುವ ಕಾಡು, ಜೌಗು, ಹಳ್ಳದ ಬದಿಯ ಪೊದೆ ಇವನ್ನು ಕೈಬಿಡದೆ ಕಾದುಕೊಳ್ಳಿ. ನೆಡುವುದಾದರೆ ಹಳ್ಳದ ಎರಡೂ ಬದಿಗೆ ಅಲ್ಲಿನದೇ ಹುಲ್ಲು, ಪೊದೆ, ಮರಗಳ ಪಟ್ಟಿ ಬರಲಿ. ಹೊಲದಿಂದ ಬರುವ ಮಣ್ಣನ್ನು ತಡೆಯುವುದು ಅದೇ.

ಪ್ರಶ್ನೆ: ನಾನು ಕೃಷಿಕ. ನಮ್ಮ ಹೊಲ ಜಲಾಶಯಕ್ಕೆ ಸೇರುವ ಹಳ್ಳದ ಪಕ್ಕದಲ್ಲಿದೆ. ಕೆಳಗಿನ ಪಟ್ಟಣದವರು ಬಂದು ಹಳ್ಳದ ಬದಿಯಲ್ಲಿ ಉಳಬೇಡಿ, ದನಗಳನ್ನು ನೀರಿಗಿಳಿಸಬೇಡಿ ಎನ್ನುತ್ತಾರೆ. ಅವರು ಕುಡಿಯುವ ನೀರಿಗೆ ನಷ್ಟ ನಾನೇಕೆ ಹೊರಬೇಕು?

ಉತ್ತರ: ನೀವೊಬ್ಬರೇ ಹೊರಬೇಕಾಗಿಲ್ಲ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕಿದ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ನ್ಯೂಯಾರ್ಕ್ ನಗರದ ಕಥೆ ಕೇಳಿ. ಅದರ ನೀರಿನಲ್ಲಿ ಬಹುಪಾಲು ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಹಿಂದೆ ಜಲಾಶಯ ಕಟ್ಟುವಾಗ ಹಳ್ಳಿಗಳನ್ನೇ ಮುಳುಗಿಸಿದ್ದರಿಂದ ಬೆಟ್ಟದ ಕಡೆಯವರಿಗೆ ನಗರದ ಮೇಲೆ ಹಳೆಯ ನೋವಿತ್ತು. 1990ರ ಸುಮಾರಿಗೆ ನಗರ ಕಟ್ಟುನಿಟ್ಟಿನ ನಿಯಮ ತರಲು ಹೊರಟಾಗ ರೈತರು ತಿರುಗಿಬಿದ್ದರು. ನೀರಿನ ಮೂಲವನ್ನು ಕಾಯಲಾಗದಿದ್ದರೆ ಸೋಸುವ ಘಟಕ ಕಟ್ಟಬೇಕಿತ್ತು, ಅದಕ್ಕೆ 600 ಕೋಟಿ ಡಾಲರ್ ಅಥವಾ ಇನ್ನೂ ಹೆಚ್ಚು ಬೇಕೆಂಬ ಅಂದಾಜು ಎದುರಿಗಿತ್ತು. ಕೊನೆಗೆ ನಗರ ದಾರಿ ಬದಲಿಸಿತು. ಪ್ರತಿ ಹೊಲಕ್ಕೂ ಯೋಜನೆ ಬೇರೆ, ಅದನ್ನು ರೂಪಿಸುವವರಲ್ಲಿ ರೈತರೇ ಮುಂದು, ಖರ್ಚು ನಗರದ್ದು. 1997ರಲ್ಲಿ ದೊಡ್ಡ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಪ್ರಕಾರ ಒಪ್ಪಿ ಮಾರುವವರಿಂದ ಮಾತ್ರ ಜಮೀನು ಕೊಳ್ಳಬೇಕು, ಕೆಟ್ಟ ಶೌಚ ಗುಂಡಿಗಳ ದುರಸ್ತಿಗೂ ನಗರ ಹಣ ಕೊಡಬೇಕು. ಜರ್ಮನಿಯ ಮ್ಯೂನಿಕ್ ಕೂಡ ತನ್ನ ನೀರಿನ ಮೂಲವಾದ ಮಾಂಗ್‌ಫಾಲ್ ಕಣಿವೆಯ ರೈತರಿಗೆ 1992ರಿಂದ ಹಣ ಕೊಟ್ಟು ಸಾವಯವ ಕೃಷಿಗೆ ಬೆಂಬಲ ನೀಡುತ್ತಿದೆ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಜೋರು ಮಳೆಗೆ ಹತ್ತಿರದ ಹೊಲದ ಸಗಣಿ ಗೊಬ್ಬರದ ಅಂಶ ಬಾವಿಗೆ ಇಳಿಯಿತು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ವಿಚಾರಣೆಯಲ್ಲಿ ರೈತರ ತಪ್ಪೇನೂ ಕಾಣಲಿಲ್ಲ, ಅವರು ಗೊಬ್ಬರವನ್ನು ಸರಿಯಾದ ಕ್ರಮದಲ್ಲೇ ಬಳಸಿದ್ದರು. ಬಾವಿ ಇದ್ದ ಜಾಗ, ಕ್ಲೋರಿನ್ ನೋಡಿಕೊಳ್ಳುವವರ ನಿರ್ಲಕ್ಷ್ಯ, ಸರ್ಕಾರದ ಸಡಿಲ ನಿಗಾ ಇವೆಲ್ಲ ಸೇರಿ ಆ ದುರಂತವಾಯಿತು. ನೀವು ಏನೂ ತಪ್ಪು ಮಾಡದೆಯೂ ನಿಮ್ಮ ಹೊಲದಿಂದ ಹೋದದ್ದು ಇನ್ನೊಬ್ಬರ ಮನೆಗೆ ಸಾವು ತರಬಹುದು. ಅದಕ್ಕೇ ನೀವು ಮಾತುಕತೆಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಆ ಘಟನೆಯ ನಂತರ ಒಂಟಾರಿಯೊ ಪ್ರಾಂತ್ಯ 2006ರಲ್ಲಿ ಕಾಯ್ದೆ ಮಾಡಿ, ನೀರಿನ ಮೂಲ ಕಾಯುವ ಸ್ಥಳೀಯ ಸಮಿತಿಗಳನ್ನು ರಚಿಸಿತು. ಅವುಗಳಲ್ಲಿ ಪುರಸಭೆಗಳಿಗೆ ಮೂರನೇ ಒಂದು ಪಾಲು, ಕೃಷಿ ಮತ್ತು ಉದ್ಯಮಕ್ಕೆ ಇನ್ನೊಂದು ಪಾಲು, ಉಳಿದದ್ದು ಸಾರ್ವಜನಿಕರಿಗೆ.

ನೀವೂ ಅಂಥ ಸ್ಥಾನ ಕೇಳಿ, ಬಾಯಿಮಾತಿಗೆ ಒಪ್ಪಬೇಡಿ. ಹಳ್ಳದ ಬದಿಗೆ ಬೇಲಿ ಯಾರು ಹಾಕಿಸುತ್ತಾರೆ, ಪ್ರವಾಹಕ್ಕೆ ಅದು ಕೊಚ್ಚಿಹೋದರೆ ರಿಪೇರಿ ಯಾರದು, ದನಗಳಿಗೆ ಹಳ್ಳದ ಬದಲು ನೀರಿನ ತೊಟ್ಟಿ ಎಲ್ಲಿ, ಬಿಟ್ಟುಕೊಟ್ಟ ಪಟ್ಟಿಯ ಬೆಳೆಗೆ ಎಷ್ಟು ವರ್ಷ ಪರಿಹಾರ, ಸಮಿತಿಯವರು ಬದಲಾದರೂ ಒಪ್ಪಂದ ಉಳಿಯುತ್ತದೆಯೇ ಎಂಬುದೆಲ್ಲ ಬರಹದಲ್ಲಿ ಇರಲಿ. ಹಳ್ಳದ ಬದಿಯ ಪಟ್ಟಿಯ ಅಗಲವನ್ನು ಅವರು ಕಚೇರಿಯಲ್ಲಿ ಕೂತು ಗೆರೆ ಎಳೆದು ಹೇಳಿದರೆ, ಇಳಿಜಾರು ಎಷ್ಟಿದೆ ನೋಡಲು ಹೊಲಕ್ಕೆ ಬನ್ನಿ ಎಂದು ಕರೆಯಿರಿ. ಸಾಧ್ಯವಾದರೆ ಮಳೆ ಬರುವ ದಿನವೇ ಕರೆಯಿರಿ.